ಕಾಲೇಜಿನ ಮೊದಲ ವರ್ಷ: ಮಗನಿಗೆ ವಸತಿ ಎಲ್ಲಿ?

ಜೂನ್ ತಿಂಗಳು ಬಂತೆಂದರೆ ನಾಸಿಕ, ಛತ್ರಪತಿ ಸಂಭಾಜಿನಗರಗಳಲ್ಲಿ ದುಡಿಯುವ ನಮ್ಮ ಬಂಧುಗಳಲ್ಲಿ ಒಂದೇ ಚರ್ಚೆ. ಹನ್ನೆರಡನೆಯ ತರಗತಿ ಮುಗಿಸಿದ ಮಗನನ್ನು ಊರಿನಿಂದ ಕರೆಸಿ ಕಾಲೇಜಿಗೆ ಸೇರಿಸಬೇಕು. ಆದರೆ ಅವನು ಇರುವುದೆಲ್ಲಿ?

ಮೊದಲು ತೋಚುವುದು ಹೋಟೆಲಿನ ಅಟ್ಟ. ಬಾಡಿಗೆಯಿಲ್ಲ, ಊಟದ ಚಿಂತೆಯಿಲ್ಲ, ಹುಡುಗ ಕಣ್ಣೆದುರಿಗೇ ಇರುತ್ತಾನೆ. ನಾವೂ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ದುಡಿಯುತ್ತಿದ್ದ ಬಂಧುವೊಬ್ಬರ ಮಗನನ್ನು ಹೀಗೆಯೇ ಇರಿಸಿಕೊಂಡೆವು. ಸಂಜೆ ಗಿರಾಕಿಗಳು ಹೆಚ್ಚಿದಾಗ, "ಹತ್ತು ನಿಮಿಷ ಗಲ್ಲೆಯಲ್ಲಿ ಕುಳಿತಿರು ಮಗೂ" ಎಂದೆವು. ಆ ಹತ್ತು ನಿಮಿಷ ರಾತ್ರಿ ಹತ್ತು ಗಂಟೆಯವರೆಗೆ ಬೆಳೆಯುತ್ತಿತ್ತು. ಅವನು ಒಲ್ಲೆನೆನ್ನಲಿಲ್ಲ, ಅನ್ನವಿಕ್ಕುವವರಿಗೆ ಒಲ್ಲೆನೆನ್ನುವುದಾದರೂ ಹೇಗೆ? ವಾರ್ಷಿಕ ಪರೀಕ್ಷೆಯಲ್ಲಿ ಮೂರು ವಿಷಯಗಳಲ್ಲಿ ನಪಾಸಾದನು. ತಪ್ಪು ಅವನದಲ್ಲ, ನಮ್ಮದು.

ಆದುದರಿಂದ ವಿದ್ಯಾರ್ಥಿನಿಲಯವನ್ನೇ ಮೊದಲು ವಿಚಾರಿಸಿರೆಂದು ನಮ್ಮ ವಿನಂತಿ. ಸಂಭಾಜಿನಗರದಲ್ಲಿ 1958ರಲ್ಲಿ ಸ್ಥಾಪಿತವಾದ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ 1994ರಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರ ಹೆಸರು ಸೇರಿತು. ಅದರ ವಿಶಾಲವಾದ ಆವರಣವನ್ನು ಕಂಡು, ಬಿ.ಕಾಂ. ಸೇರುವ ಮಗನಿಗೂ ಅಲ್ಲಿಯೇ ಖೋಲಿ ಸಿಕ್ಕೀತೆಂದು ನಂಬುವವರುಂಟು. ಆದರೆ ಅಲ್ಲಿರುವುದು ಹೆಚ್ಚಾಗಿ ಸ್ನಾತಕೋತ್ತರ ವಿಭಾಗಗಳು. ಮೊದಲ ವರ್ಷದವನು ತಾನು ಸೇರುವ ಕಾಲೇಜಿನ ನಿಲಯವನ್ನೇ ಕೇಳಬೇಕು. ಪ್ರವೇಶದ ಅರ್ಜಿ ಕೊಡುವ ದಿನವೇ ಕೇಳಬೇಕು. ಮಗಳಾದರೆ ಇನ್ನೂ ಮುಂಚೆ.

ನಿಲಯದಲ್ಲಿ ಹಿರಿಯ ಹುಡುಗರ ಕಾಟವಿದೆಯೆಂದು ತಾಯಂದಿರು ಹೆದರುತ್ತಾರೆ. ಹೆದರಿಕೆ ನಿರಾಧಾರವಲ್ಲ. ಆದರೆ ಹೊಸಬರನ್ನು ಸಾಧ್ಯವಾದಷ್ಟು ಪ್ರತ್ಯೇಕ ಕಟ್ಟಡದಲ್ಲಿ ಇರಿಸಬೇಕೆಂದು ಯು.ಜಿ.ಸಿ.ಯ 2009ರ ನಿಯಮವೇ ಹೇಳುತ್ತದೆ. ಹಾಗಿದೆಯೇ ಎಂದು ವಾರ್ಡನರನ್ನು ಸಂಕೋಚವಿಲ್ಲದೆ ಕೇಳಿರಿ. ದೂರು ಕೊಡಲು 1800-180-5522 ಎಂಬ ಉಚಿತ ದೂರವಾಣಿಯೂ ಇದೆ.

ನಾಸಿಕದಲ್ಲಿ ಬಾಡಿಗೆ ಖೋಲಿಗಳ ಮಾತೇ ಹೆಚ್ಚು. ಕಾಲೇಜ್ ರೋಡ್, ಗಂಗಾಪುರ ರೋಡ್‌ಗಳ ಸುತ್ತ ಮೂವರು ಹುಡುಗರು ಸೇರಿ ಒಂದು ಖೋಲಿ ಹಿಡಿಯುವುದು ವಾಡಿಕೆ. ತಂದೆ ನಾಸಿಕ ರೋಡ್ ಸ್ಟೇಷನ್ನಿನ ಬಳಿ ದುಡಿಯುತ್ತಿದ್ದರೆ, ಒಂದೇ ಊರಲ್ಲವೇ ಎಂದು ಮಗನನ್ನು ತನ್ನೊಡನೆಯೇ ಇರಿಸಿಕೊಳ್ಳಲು ನೋಡುತ್ತಾನೆ. ಬಸ್ಸಿನಲ್ಲಿ ಒಮ್ಮೆ ಬೆಳಗಿನ ಹೊತ್ತು ಹೋಗಿಬಂದರೆ ದೂರದ ಅರಿವಾದೀತು. ಖೋಲಿ ಹಿಡಿಯುವ ಮುನ್ನ ಠೇವಣಿ ಮರಳಿಸುವ ಮಾತು ಬರಹದಲ್ಲಿರಲಿ. ನೀರು ಯಾವಾಗ ಬರುತ್ತದೆ, ಖಾನಾವಳಿ ಭಾನುವಾರ ರಾತ್ರಿ ತೆರೆದಿರುತ್ತದೆಯೇ ಎಂಬುದನ್ನೂ ಕೇಳಿರಿ. ಖಾಸಗಿ ಹಾಸ್ಟೆಲಿನವರು ತೆರಿಗೆಯೆಂದು ಹಣ ಕೂಡಿಸಿದರೆ ಸುಮ್ಮನಿರಬೇಡಿ: ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರದ, ಸತತ 90 ದಿನಗಳಿಗೆ ಕಡಿಮೆಯಿಲ್ಲದ ವಸತಿಗೆ 2024ರ ಜುಲೈಯಿಂದ ಜಿ.ಎಸ್.ಟಿ. ವಿನಾಯಿತಿಯಿದೆ.

ದುಡಿಯದೆ ಗತಿಯಿಲ್ಲದ ಹುಡುಗನೇನು ಮಾಡಬೇಕು? ಮುಂಬಯಿಯಲ್ಲಿ ನಮ್ಮ ಹಿರಿಯರು ಹಗಲು ತಟ್ಟೆ ತೊಳೆದು ರಾತ್ರಿಶಾಲೆಗಳಲ್ಲಿ ಕಲಿತರು. ಇಂದು ಅಂಥವನಿಗೆ ನಾಸಿಕದಲ್ಲಿಯೇ 1989ರಲ್ಲಿ ಸ್ಥಾಪಿತವಾದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯವಿದೆ; ಕೆಲಸ ಬಿಡದೆ ಪದವಿಗೆ ಓದಬಹುದು. ಅವನು ಅಟ್ಟದಲ್ಲಿಯೇ ಇರಲಿ. ಆದರೆ ಪಾಳಿ ಮುಗಿದ ಮೇಲೆ ಮಾಲಕರು ಅವನನ್ನು ಕೆಳಗೆ ಕರೆಯಬಾರದು.

ನಮ್ಮ ಅಟ್ಟದ ಹುಡುಗ ಮರುವರ್ಷ ವಿದ್ಯಾರ್ಥಿನಿಲಯ ಸೇರಿ ಆ ಮೂರು ವಿಷಯಗಳಲ್ಲಿಯೂ ತೇರ್ಗಡೆಯಾದನು. ಖರ್ಚು ಅವನ ತಂದೆಯ ಸಂಬಳದ ಮೂರರಲ್ಲೊಂದು ಪಾಲಿನಷ್ಟಾಯಿತು. ಅದರಲ್ಲಿ ಅರ್ಧವನ್ನು ನಾವು ಕೊಟ್ಟೆವು. ಗಲ್ಲೆಯಲ್ಲಿ ಕುಳಿತ ಸಂಜೆಗಳಿಗೆ ಅವನಿಗೆ ಸಂಬಳ ಕೊಟ್ಟಿರಲಿಲ್ಲವಲ್ಲ.