ಗ್ಯಾರೇಜಿನಲ್ಲಿ ಕಾದ ಯಜಮಾನರು

ಫ್ರೀಮಾಂಟಿನ ಆ ಮನೆಯ ಗ್ಯಾರೇಜಿನಲ್ಲಿ, ಸೋನಾ ಮಸೂರಿ ಮೂಟೆಗಳ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಅಂಕಲ್ ಕೂತಿದ್ದಾರೆ. ಕಿವಿ ತುಂಬ ಹೆಡ್‌ಫೋನು, ಅದರೊಳಗೆ ಪಿ.ಬಿ. ಶ್ರೀನಿವಾಸ್. ಒಳಗೆ ಹೆಂಡತಿ ಏನು ಉತ್ತರ ಕೊಡುತ್ತಾರೆಂಬುದು ಅವರಿಗೆ ಕೇಳಿಸಬಾರದು.

ಹಾಲ್‌ನಲ್ಲಿ ಬಿಸಿಬೇಳೆಬಾತ್ ಉಂಡ ಇಪ್ಪತ್ತೈದು ಜನ. ಆಂಟಿ ಪೇಪರ್ ತಟ್ಟೆಯ ಬೆನ್ನ ಮೇಲೆ ಸ್ಕೆಚ್ ಪೆನ್ನಿನಿಂದ ಉತ್ತರ ಬರೆದು ಎದೆಗೆ ಅವಚಿಕೊಂಡಿದ್ದಾರೆ. 'ಆದರ್ಶ ದಂಪತಿಗಳು' ಆಡೋಣ ಎಂದದ್ದು ಮನೆಯ ಹುಡುಗ. ಉದಯ ಟಿವಿಯಲ್ಲಿ ಪ್ರಣಯರಾಜ ಶ್ರೀನಾಥ್ ನಡೆಸಿಕೊಡುತ್ತಿದ್ದುದನ್ನು ನೋಡುತ್ತ ಬೆಳೆದವನು. ಇವತ್ತು ಮೈಕು ಅವನದೇ.

ಆಂಟಿಗೆ ಈ ಆಟ ಅದಕ್ಕಿಂತ ಹಳೆಯದು. 1976ರಲ್ಲಿ ಸನ್ನಿವೇಲ್‌ಗೆ ಬಂದಾಗ, ಗಂಡ ಕೆಲಸಕ್ಕೆ ಹೋದ ಮೇಲೆ ಅವರಿಗೆ ಮಾತಿನ ಸದ್ದೆಂದರೆ ಟಿವಿಯದು ಮಾತ್ರ. ಸಿಬಿಎಸ್‌ನಲ್ಲಿ 1974ರಲ್ಲಿ ಶುರುವಾಗಿದ್ದ 'ಟ್ಯಾಟಲ್‌ಟೇಲ್ಸ್'. ನಡೆಸುತ್ತಿದ್ದವನು ಬರ್ಟ್ ಕಾನ್ವಿ. ಮೂರು ತಾರಾ ಜೋಡಿಗಳು. ಒಬ್ಬರು ವೇದಿಕೆಯಲ್ಲಿ, ಇನ್ನೊಬ್ಬರು ತೆರೆಯ ಹಿಂದೆ, ಕಿವಿಗೆ ಹೆಡ್‌ಫೋನು. ಪ್ರೇಕ್ಷಕರು ಕೆಂಪು, ಹಳದಿ, ನೀಲಿ ಎಂದು ಮೂರು ಪಾಲು. ಗಂಡ ಹೆಂಡಿರ ಮಾತು ಕೂಡಿಬಂದರೆ ಹಣ ಅವರಿಗಲ್ಲ, ಅವರ ಬಣ್ಣದಲ್ಲಿ ಕೂತ ಅಪರಿಚಿತರಿಗೆ. ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಇಬ್ಬರ ಮನಸ್ಸು ಒಂದಾದದ್ದಕ್ಕೆ ಊರಿಗೆಲ್ಲ ಸಿಹಿ ಹಂಚಿದ ಹಾಗೆ.

"ಬೆಟ್ಟಿ ವೈಟ್, ಆಲನ್ ಲಡನ್ ಬಂದರೆ ಒಲೆ ಆರಿಸಿ ಬಂದು ಕೂರ್ತಿದ್ದೆ" ಎಂದರು ಆಂಟಿ. ಲಡನ್ ನಡೆಸುತ್ತಿದ್ದ 'ಪಾಸ್‌ವರ್ಡ್' ಆಟಕ್ಕೆ ಅತಿಥಿಯಾಗಿ ಹೋದವಳು ಬೆಟ್ಟಿ, 1963ರಲ್ಲಿ ಮದುವೆಯಾದರು. 1981ರಲ್ಲಿ ಆತ ತೀರಿಕೊಂಡ. ಆಕೆ ಮತ್ತೆ ಮದುವೆಯಾಗಲಿಲ್ಲ. "ಇಂಗ್ಲಿಷು ಅರ್ಧ ತಿಳೀತಿರಲಿಲ್ಲ. ಅವನು ಉತ್ತರ ಹೇಳುವಾಗ ಅವಳ ಮುಖ ನೋಡ್ತಿದ್ದೆ, ಅಷ್ಟೇ."

ಕಾನ್ವಿಯೂ ಆಗಾಗ ಮೈಕನ್ನು ಇನ್ನೊಬ್ಬರಿಗೆ ಕೊಟ್ಟು, ಹೆಂಡತಿ ಆ್ಯನ್ ಜೊತೆ ಆಡಲು ಕೂರುತ್ತಿದ್ದ. ಬೇರೆಯವರ ಸಂಸಾರದ ಗುಟ್ಟು ಕೇಳುವವನು ತನ್ನದನ್ನೂ ಮುಂದಿಡಬೇಕು. ಅವನ ಮೇಲೆ ನನಗೆ ಗೌರವ ಬಂದದ್ದು ಇದಕ್ಕೇ.

ಅಂಕಲ್‌ನ ಕರೆತಂದರು. ಹುಡುಗ ಕೇಳಿದ: "ಅಮೆರಿಕಕ್ಕೆ ಬಂದ ಮೊದಲ ವಾರ, ಕೇಳದೇನೇ ಆಂಟಿಗೆ ಏನು ತಂದುಕೊಟ್ರಿ?"

"ಸ್ವೆಟರು." ಯೋಚಿಸಲೇ ಇಲ್ಲ.

ಆಂಟಿ ತಟ್ಟೆ ತಿರುಗಿಸಿದರು. ದುಂಡನೆಯ ಅಕ್ಷರಗಳಲ್ಲಿ: 'ಏರೋಗ್ರಾಂ'. ಅಮ್ಮನಿಗೆ ಬರೆಯಲೆಂದು ಅಂಚೆ ಕಚೇರಿಯಿಂದ ತಂದ ನೀಲಿ ಕಾಗದಗಳು, ಒಂದು ಕಟ್ಟು.

ತಪ್ಪು ಎಂದು ಯಾರೋ ಚಪ್ಪಾಳೆ ಶುರುಮಾಡಿ ನಿಲ್ಲಿಸಿದರು. ಅಂಕಲ್ ತಟ್ಟೆಯನ್ನೇ ನೋಡುತ್ತಿದ್ದರು. "ನಾನು ತಂದಿದ್ನಾ?"

"ಹೂಂ. ಯಾವ ಸ್ವೆಟರು ರೀ?"

ಹುಡುಗ ಮುಂದಿನ ಪ್ರಶ್ನೆಯ ಚೀಟಿ ಕೈಗೆತ್ತಿಕೊಂಡವನು ಅದನ್ನು ಜೇಬಿಗೆ ಹಾಕಿಕೊಂಡು ಮೈಕು ಕೆಳಗಿಟ್ಟ. ಅಂಕಲ್ ಹೆಂಡತಿಯ ಪಕ್ಕ ಜಮಖಾನದ ಮೇಲೆ ಕೂತು ಅಂಗಡಿ, ಬಸ್ಸು, ಆ ದಿನದ ಮಳೆ ಎಂದು ಹೇಳತೊಡಗಿದರು. ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ಕೊಲ್ಲಿಯ ಕಡೆಯಿಂದ ಚಳಿಗಾಳಿ ಬರುತ್ತಿದ್ದರೂ ಯಾರೂ ಎದ್ದು ಮುಚ್ಚಲಿಲ್ಲ.