ಅಷ್ಟಮಿ ನೋಡಿ ಟಿಕೆಟ್ ಬುಕ್ ಮಾಡಿ

ಕ್ರಿಸ್‌ಮಸ್ ದ್ವೀಪಕ್ಕೆ ಹೋಗುವ ಆಸೆಯಿದ್ದರೆ ಮೊದಲು ಪಂಚಾಂಗ ತೆಗೆಯಿರಿ, ಪಾಸ್‌ಪೋರ್ಟ್ ಆಮೇಲೆ. ಅಲ್ಲಿ ನೋಡಲೇಬೇಕಾದ ಸಂಗತಿ ನಡೆಯುವುದು ವರ್ಷದಲ್ಲಿ ಕೆಲವೇ ದಿನ. ಅದೂ ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ, ಬೆಳಕು ಹರಿಯುವ ಮೊದಲು.

ಜಾವಾದಿಂದ ದಕ್ಷಿಣಕ್ಕೆ ಸುಮಾರು 350 ಕಿ.ಮೀ. ದೂರದಲ್ಲಿ, ಹಿಂದೂ ಮಹಾಸಾಗರದ ನಡುವೆ ಈ ದ್ವೀಪವಿದೆ. 1643ರ ಡಿಸೆಂಬರ್ 25ರಂದು ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು ಪಕ್ಕದಲ್ಲಿ ಹಾದುಹೋಗುವಾಗ ಅದರ ಕಪ್ತಾನ ವಿಲಿಯಂ ಮೈನರ್ಸ್ ಇಟ್ಟ ಹೆಸರೇ ಉಳಿದುಕೊಂಡಿತು. 1958ರಿಂದ ಆಸ್ಟ್ರೇಲಿಯದ ಆಡಳಿತ. ಪರ್ತ್‌ನಿಂದ 2,600 ಕಿ.ಮೀ. ವಿಮಾನಯಾನ. ವಿಸ್ತೀರ್ಣ 135 ಚದರ ಕಿ.ಮೀ., ಜನಸಂಖ್ಯೆ ಸುಮಾರು 1,700.

ನೋಡಬೇಕಾದದ್ದು ಇಲ್ಲಿನ ಕಾಡಿನ ಕೆಂಪು ಏಡಿಗಳನ್ನು. ಅವುಗಳ ಸಂಖ್ಯೆ? ಈಚಿನ ಅಂದಾಜಿನ ಪ್ರಕಾರ ಹತ್ತು ಕೋಟಿಗೂ ಹೆಚ್ಚು. ತಲೆಗೆ ಹಂಚಿದರೆ ಊರಿನ ಒಬ್ಬೊಬ್ಬರ ಪಾಲಿಗೂ 58,000 ಏಡಿ. ಒಂದೊಂದರ ಬೆನ್ನಚಿಪ್ಪು 11 ಸೆಂ.ಮೀ.ವರೆಗೆ ಅಗಲ.

ಆದರೆ ಒಣ ಋತುವಿನಲ್ಲಿ ಹೋದರೆ ಈ ಲೆಕ್ಕವೆಲ್ಲ ನೆಲದೊಳಗಿರುತ್ತದೆ. ನೆಲದ ಮೇಲೆ ಬದುಕಿದರೂ ಈ ಏಡಿ ಉಸಿರಾಡುವುದು ಕಿವಿರುಗಳಿಂದ. ತೇವ ಆರಿದರೆ ಸಾವು. ಹಾಗಾಗಿ ಬಿಲದ ಬಾಯಿಗೆ ತರಗೆಲೆ ತುರುಕಿಕೊಂಡು ಒಳಗೇ ಉಳಿಯುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಮೊದಲ ಮಳೆ ಬಿದ್ದೊಡನೆ ಕಾಡಿನ ನೆಲವೇ ಕೆಂಪಾಗಿ ಕಡಲಿನತ್ತ ಹರಿಯತೊಡಗುತ್ತದೆ. ಮುಂದೆ ಗಂಡುಗಳು, ಹಿಂದೆ ಹೆಣ್ಣುಗಳು. ರಸ್ತೆಗಳನ್ನು ಮುಚ್ಚುತ್ತಾರೆ. ಏಡಿಗಳಿಗಾಗಿಯೇ ರಸ್ತೆಯಡಿ ಸುರಂಗಗಳಿವೆ, ರಸ್ತೆಯ ಮೇಲೆ ಐದು ಮೀಟರ್ ಎತ್ತರದ ಸೇತುವೆಯೂ ಇದೆ. ಉಳಿದ ದಾರಿಗಳಲ್ಲಿ ಒಬ್ಬರು ಇಳಿದು ಕಸ ಬಾಚುವ ಕುಂಟೆಯಿಂದ ಏಡಿಗಳನ್ನು ಮೆಲ್ಲಗೆ ಸರಿಸಿದ ಮೇಲೆಯೇ ಕಾರು ಮುಂದಕ್ಕೆ. ಬಾಡಿಗೆ ಕಾರು ನೆಚ್ಚಿಕೊಂಡು ದಿನಚರಿ ಹಾಕಿಕೊಂಡವರು ನಡೆಯಲು ಸಿದ್ಧರಾಗಿಯೇ ಬರಬೇಕು.

ದಡದಲ್ಲಿ ಕೂಡಿದ ನಂತರ ಗಂಡುಗಳು ಕಾಡಿಗೆ ಮರಳುತ್ತವೆ. ಹೆಣ್ಣುಗಳು ಸುಮಾರು ಎರಡು ವಾರ ಬಿಲದಲ್ಲಿ ಮೊಟ್ಟೆ ಹೊತ್ತು ಕೂರುತ್ತವೆ. ಅಷ್ಟಮಿ ಸಮೀಪಿಸಿದಾಗ ಉಬ್ಬರ ಇಳಿತಗಳ ಅಂತರ ತೀರ ಕಡಿಮೆ. ಬಂಡೆಯಂಚಿಗೆ ಇಳಿಯುವ ತಾಯಿಗೆ ಅಲೆಯ ಅಪಾಯವೂ ಕಡಿಮೆ. ಆಗ, ಉಬ್ಬರ ತಿರುಗಿದ ಮೇಲೆ, ನಸುಕಿನ ಕತ್ತಲಲ್ಲಿ ಮೊಟ್ಟೆಗಳನ್ನು ನೀರಿಗೆ ಕೊಡವುತ್ತವೆ. ನೀರು ತಾಗಿದ್ದೇ ತಡ, ಒಡೆದು ಮರಿ. ಒಂದು ಹೆಣ್ಣಿಗೆ ಒಂದು ಲಕ್ಷದವರೆಗೆ ಮೊಟ್ಟೆ. ಒಂದೇ ಕೋಟಿ ಹೆಣ್ಣುಗಳು ಅಷ್ಟಷ್ಟು ಹೊತ್ತು ತಂದವು ಎಂದಿಟ್ಟುಕೊಂಡರೂ ಒಂದು ಲಕ್ಷ ಕೋಟಿ. ಬಜೆಟ್ ಮಂಡನೆಯ ದಿನ ಬಿಟ್ಟರೆ ನಮ್ಮ ಕಿವಿಗೆ ಬೀಳದ ಅಂಕಿ.

ಮಳೆ ಬೇಗ ಬಂದರೆ ಏಡಿಗಳು ನಿಂತು, ಮೇದು, ಸಾವಕಾಶವಾಗಿ ಬರುತ್ತವೆ. ತಡವಾದರೆ ಓಡೋಡಿ ಬರುತ್ತವೆ. ತೀರ ತಡವಾದರೆ ಮುಂದಿನ ತಿಂಗಳ ಅಷ್ಟಮಿಗೆ ಕಾಯುತ್ತವೆ. ಅವಕ್ಕೆ ಟಿಕೆಟ್ ರದ್ದತಿಯ ಶುಲ್ಕವಿಲ್ಲ, ನಿಮಗುಂಟು. ಅದಕ್ಕೇ ನವೆಂಬರಿನ ಅಷ್ಟಮಿಗೊಂದು, ಡಿಸೆಂಬರಿನದಕ್ಕೊಂದು ಯೋಜನೆ ಹಾಕಿಕೊಂಡು, ದಿನಾಂಕ ಬದಲಿಸಬಹುದಾದ ಟಿಕೆಟ್ ಕೊಳ್ಳುವುದು ಜಾಣತನ.

ಇಷ್ಟು ಕೋಟಿಗಳಿದ್ದರೆ ಭಯವೇನು ಅನ್ನಿಸಬಹುದು. ಹೊರಗಿನಿಂದ ಬಂದ ಹಳದಿ ಇರುವೆಗಳು 1990ರ ದಶಕದಿಂದ ಮಹಾಗೂಡು ಕಟ್ಟಿ, ಆಮ್ಲ ಚಿಮ್ಮಿಸಿ, ಕೋಟಿಗೂ ಮೀರಿ ಏಡಿಗಳನ್ನು ಕೊಂದವು. ಎಲೆ, ಮೊಳಕೆ ತಿಂದು ಕಾಡಿನ ನೆಲ ಸ್ವಚ್ಛವಾಗಿಡುತ್ತಿದ್ದ ಏಡಿಗಳು ಹೋದಲ್ಲಿ ಪೊದೆ ಎದ್ದಿತು. ಇರುವೆಗಳಿಗೆ ಸಿಹಿ ಉಣಿಸುತ್ತಿದ್ದ ಶಲ್ಕಕೀಟಗಳನ್ನು ಮಟ್ಟಹಾಕಲು 2016ರಲ್ಲಿ ಮಲೇಷ್ಯಾದಿಂದ ತಂದ ಕಣಜವನ್ನು ಬಿಟ್ಟರು. ಅದರ ಉದ್ದ ಕೇವಲ ಎರಡು ಮಿಲಿಮೀಟರ್. ಅಲ್ಲಿಂದ ಏಡಿಗಳು ಮತ್ತೆ ಹೆಚ್ಚಿವೆ. ಎಲ್ಲಕ್ಕೂ ಆ ಅದೃಷ್ಟವಿರಲಿಲ್ಲ: ಈ ದ್ವೀಪದಲ್ಲಷ್ಟೇ ಇದ್ದ ಪಿಪಿಸ್ಟ್ರೆಲ್ ಬಾವಲಿಯ ದನಿ ಕೊನೆಯ ಸಲ ದಾಖಲಾದದ್ದು 2009ರ ಆಗಸ್ಟಿನಲ್ಲಿ.

ಸಮುದ್ರ ಸೇರಿದ ಮರಿಗಳ ಲೆಕ್ಕವೂ ಸೊನ್ನೆಗೆ ಹತ್ತಿರವೇ. ಸುಮಾರು ಒಂದು ತಿಂಗಳು ಮೀನು, ತಿಮಿಂಗಿಲ ಶಾರ್ಕ್‌ಗಳ ಬಾಯಿ ತಪ್ಪಿಸಿಕೊಳ್ಳಬೇಕು. ಬಹುಪಾಲು ವರ್ಷಗಳಲ್ಲಿ ಮರಳುವುದು ಬೆರಳೆಣಿಕೆಯಷ್ಟು, ಇಲ್ಲವೇ ಒಂದೂ ಇಲ್ಲ. ದಶಕದಲ್ಲಿ ಒಂದೆರಡು ಬಾರಿ ಮಾತ್ರ ಐದು ಮಿಲಿಮೀಟರಿನ ಮರಿಗಳು ದಡವೆಲ್ಲ ಆವರಿಸಿ, ಒಂಬತ್ತು ದಿನ ನಡೆದು ಕಾಡು ಸೇರುತ್ತವೆ. ಆ ಒಂದೆರಡು ವರ್ಷಗಳೇ ಕೋಟಿಗಳನ್ನು ಕಾಯ್ದುಕೊಂಡು ಬಂದಿರುವುದು. ಅಷ್ಟಮಿಯ ನಸುಕನ್ನು ನೋಡಿ ವಿಮಾನ ಹತ್ತಿದವರಿಗೆ ತಾವು ಕಂಡದ್ದು ಸೊನ್ನೆಯ ವರ್ಷವೋ ಸುಗ್ಗಿಯ ವರ್ಷವೋ ತಿಳಿಯುವುದಿಲ್ಲ. ರಜೆ ಇದ್ದವರು ಇನ್ನೊಂದು ತಿಂಗಳು ಅಲ್ಲೇ ಉಳಿಯಬಹುದು.