ಗೆದ್ದರೂ ಸೋತರೂ ಸಂಸ್ಕೃತಿಯೇ ಕಾರಣವೇ?

ತಪ್ಪು ಕಲ್ಪನೆ: ಜಪಾನೀಯರ ಕೆಲಸದ ಶಿಸ್ತು ರಕ್ತಗತವಾದದ್ದು, ಬೇರೆ ದೇಶದಲ್ಲಿ ನಡೆಯದು.

ವಾಸ್ತವ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಗೈರುಹಾಜರಿಗೂ ಜಗಳಕ್ಕೂ ಹೆಸರಾಗಿತ್ತು. 1982ರಲ್ಲಿ ಅದು ಬಾಗಿಲು ಹಾಕಿತು. 1984ರಲ್ಲಿ ಟೊಯೋಟಾ ಜೊತೆಗೂಡಿ ‘ನುಮ್ಮಿ’ ಎಂಬ ಹೆಸರಿನಲ್ಲಿ ಮತ್ತೆ ತೆರೆದಾಗ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಹಳಬರೇ, ಯೂನಿಯನ್ನೂ ಅದೇ. ಆದರೂ ಶೇ. 20ರ ಆಸುಪಾಸಿನಲ್ಲಿದ್ದ ಗೈರುಹಾಜರಿ ಶೇ. 2–3ಕ್ಕೆ ಇಳಿಯಿತು.

ಬದಲಾದದ್ದೇನು? ಅಸೆಂಬ್ಲಿ ಲೈನಿನ ಮೇಲೆ ಕಟ್ಟಿದ್ದ ಹಗ್ಗವನ್ನೇ ನೋಡಿ. ಬೋಲ್ಟು ಸರಿಯಾಗಿ ಕೂರದಿದ್ದರೆ ಕಾರ್ಮಿಕ ಹಗ್ಗ ಎಳೆಯಬೇಕಿತ್ತು. ದೀಪ ಹೊತ್ತುತ್ತಿತ್ತು, ಟೀಮ್ ಲೀಡರ್ ಓಡಿ ಬರುತ್ತಿದ್ದ. ಅಷ್ಟರಲ್ಲಿ ಸರಿಹೋಗದಿದ್ದರೆ ಲೈನು ನಿಲ್ಲುತ್ತಿತ್ತು. ಹಳೆಯ ಆಡಳಿತದಲ್ಲಿ ಲೈನು ನಿಲ್ಲಿಸಿದರೆ ಕೆಲಸಕ್ಕೇ ಕುತ್ತು. 1980ರ ದಶಕದ ಕೊನೆಯಲ್ಲಿ ಬೇಡಿಕೆ ಕುಸಿದಾಗಲೂ ನುಮ್ಮಿಯಲ್ಲಿ ಯಾರನ್ನೂ ಮನೆಗೆ ಕಳಿಸದೆ ತರಬೇತಿಗೆ ಕೂರಿಸಿದರು. ಕಾರ್ಮಿಕರಿಗೆ ನಂಬಿಕೆ ಬಂದದ್ದು ಆಗ. ಅದೇ ಪದ್ಧತಿಯನ್ನು ಜನರಲ್ ಮೋಟಾರ್ಸ್ ಅದೇ ರಾಜ್ಯದ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ತರಲು ಹೋದಾಗ ಅದು ಬೇರೂರಲಿಲ್ಲ. ಮೇಲಿನವರೂ ಕೆಳಗಿನವರೂ ಒಬ್ಬರನ್ನೊಬ್ಬರು ನಂಬಲಿಲ್ಲ. 1992ರಲ್ಲಿ ಕಾರ್ಖಾನೆ ಮುಚ್ಚಿತು. ಎರಡೂ ಕಡೆ ದುಡಿದವರು ಅಮೆರಿಕನ್ನರೇ.

ತಪ್ಪು ಕಲ್ಪನೆ: ಮಳಿಗೆಯಲ್ಲಿ ನಗುಮುಖದ ಸ್ವಾಗತ ಜರ್ಮನರಿಗೆ ಹಿಡಿಸದೆ ಅಮೆರಿಕದ ವಾಲ್‌ಮಾರ್ಟ್ ಅಲ್ಲಿ ಸೋತಿತು.

ವಾಸ್ತವ: ಕೇಳಲು ಸೊಗಸಾದ ಕಥೆ, ಅಷ್ಟೇ. 1997ರಲ್ಲಿ ಜರ್ಮನಿಗೆ ಕಾಲಿಟ್ಟ ವಾಲ್‌ಮಾರ್ಟ್ 2006ರಲ್ಲಿ 85 ಮಳಿಗೆಗಳನ್ನು ಮೆಟ್ರೊ ಕಂಪನಿಗೆ ಮಾರಿ ಹೊರಬಂತು. ಆಲ್ಡಿ, ಲಿಡಲ್ ಮಳಿಗೆಗಳ ಅಗ್ಗದ ಬೆಲೆ ಅಲ್ಲಿನವರಿಗೆ ಮೊದಲೇ ರೂಢಿಯಾಗಿತ್ತು. ಹಾಲು, ಬೆಣ್ಣೆಯನ್ನು ಅಸಲಿಗಿಂತ ಕಡಿಮೆಗೆ ಮಾರುವುದಕ್ಕೆ 2000ದಲ್ಲಿ ಸರ್ಕಾರದ ಸ್ಪರ್ಧಾ ನಿಯಂತ್ರಣ ಕಚೇರಿ ತಡೆಯೊಡ್ಡಿತು. ಸಹೋದ್ಯೋಗಿಗಳ ಪ್ರೇಮಕ್ಕೂ ಕಟ್ಟಳೆ ಹಾಕಿದ್ದ ಕಂಪನಿಯ ನಿಯಮ 2005ರಲ್ಲಿ ಕಾರ್ಮಿಕ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಇಂಥ ನಿಯಮಗಳಿಗೆ ನೌಕರರ ಮಂಡಳಿಯನ್ನು ಕೇಳಲೇಬೇಕೆಂದು ಅಲ್ಲಿ ಕಾನೂನಿದೆ. ಅದನ್ನು ಓದಿಕೊಂಡೇ ಹೋಗಬಹುದಿತ್ತು.

ತಪ್ಪು ಕಲ್ಪನೆ: ದೇಶದ ಸಂಸ್ಕೃತಿಗೆ ಕೊಟ್ಟ ಅಂಕ ನೋಡಿದರೆ ಎದುರಿಗಿರುವ ಮನುಷ್ಯ ಅರ್ಥವಾಗುತ್ತಾನೆ.

ವಾಸ್ತವ: ಈ ಅಂಕಗಳ ಮೂಲ, ಡಚ್ ವಿದ್ವಾಂಸ ಹಾಫ್‌ಸ್ಟೆಡ್ ಅಧ್ಯಯನ ಮಾಡಿದ ಐಬಿಎಂ ನೌಕರರ ಒಂದು ಲಕ್ಷಕ್ಕೂ ಮಿಕ್ಕ ಪ್ರಶ್ನಾವಳಿಗಳು. ಅವು ಬರೀ ಸರಾಸರಿ. ವ್ಯಕ್ತಿಗಳಿಗೆ ಅಂಟಿಸಬೇಡಿ ಎಂದು ಅವರೇ ಎಚ್ಚರಿಸಿದ್ದರು. ಇಂದಿಗೂ ತರಬೇತಿಗಳಲ್ಲಿ ಅಂಟಿಸುತ್ತಲೇ ಇರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ತಪ್ಪು ಕಲ್ಪನೆ: ಎರಡು ಕೈಯಲ್ಲಿ ವಿಸಿಟಿಂಗ್ ಕಾರ್ಡು ಕೊಟ್ಟು ಬಾಗಿದರೆ ಜಪಾನಿನಲ್ಲಿ ಕೆಲಸ ಆಗುತ್ತದೆ.

ವಾಸ್ತವ: ಕಾರ್ಡು ಕೊಡುವುದರಲ್ಲಿ ತಪ್ಪಿದರೆ ಹೊರಗಿನವರೆಂದು ಕ್ಷಮಿಸುತ್ತಾರೆ. ನಿರ್ಧಾರ ಎಲ್ಲಿ ಆಗುತ್ತದೆಂದು ತಿಳಿಯದಿದ್ದರೆ ಮಾತ್ರ ಕೆಲಸ ಕೆಡುತ್ತದೆ. ಅಲ್ಲಿನ ಅನೇಕ ಕಂಪನಿಗಳಲ್ಲಿ ಮೀಟಿಂಗಿಗೆ ಮೊದಲೇ ಸಂಬಂಧಪಟ್ಟ ಒಬ್ಬೊಬ್ಬರನ್ನೂ ಕಂಡು ಒಪ್ಪಿಸುತ್ತಾರೆ. ನೆಮಾವಾಶಿ ಎನ್ನುವುದು ಇದಕ್ಕೇ. ಬೆಂಗಳೂರಿನ ಐಟಿ ತಂಡ ಹೊಸ ಪ್ರಸ್ತಾಪವನ್ನು ಮೀಟಿಂಗಿನಲ್ಲೇ ಮೊದಲ ಸಲ ಮುಂದಿಟ್ಟರೆ ಜಪಾನಿನವರೆಲ್ಲರೂ ತಲೆದೂಗಿ ಸುಮ್ಮನಾಗುತ್ತಾರೆ. ಕುಳಿತಲ್ಲೇ ಒಪ್ಪುವ ಅಧಿಕಾರ ಎಷ್ಟೋ ಸಲ ಅವರಿಗಿರುವುದಿಲ್ಲ. ಕರಡನ್ನು ಮುಂಚೆಯೇ ಸಂಬಂಧಪಟ್ಟ ವಿಭಾಗದ ಕಿರಿಯ ಮ್ಯಾನೇಜರಿಗೆ ಕಳಿಸಿ, ಅವರು ತಿದ್ದಿ ಮೇಲಿನವರಿಗೆ ತೋರಿಸಲು ಸಮಯ ಕೊಡಿ.